ಪೈಪ್ ತಯಾರಿಕೆಯಲ್ಲಿ ಡೈ ಒತ್ತಡದ ನಿಯಂತ್ರಣ

ತುಂಗಭದ್ರೆಯ ಬಲದಂಡೆ ಕಾಲುವೆಯ ನೀರುಂಡು ಬೆಳೆಯುವ ಸಿರುಗುಪ್ಪದ ಭತ್ತದ ಗದ್ದೆಗಳಿಗಾಗಲಿ, ಕುರುಗೋಡು ಸುತ್ತಲಿನ ಮೆಣಸಿನಕಾಯಿ ಮತ್ತು ಹತ್ತಿಯ ಹೊಲಗಳಿಗಾಗಲಿ ಪ್ಲಾಸ್ಟಿಕ್ ಪೈಪು ಇಂದು ನೇಗಿಲಿನಷ್ಟೇ ಅಗತ್ಯವಾದ ಸಾಧನವಾಗಿದೆ. ಕಾಲುವೆಯಿಂದ ಹೊಲಕ್ಕೆ ನೀರೆತ್ತಲು, ಕೊಳವೆಬಾವಿಗೆ ಇಳಿಸಲು, ತುಂತುರು ನೀರಾವರಿಗೆ, ಮನೆಗಳ ನಲ್ಲಿ ಸಂಪರ್ಕಕ್ಕೆ ಬಗೆಬಗೆಯ ಪೈಪುಗಳು ಬಳ್ಳಾರಿ ನಗರದ ಅಂಗಡಿಗಳ ಮೂಲಕ ಹಳ್ಳಿಗಳನ್ನು ತಲುಪುತ್ತವೆ. ಈ ವ್ಯಾಪಾರದಲ್ಲಿ ಪೈಪೋಟಿ ತೀವ್ರವಾಗಿದೆ, ಲಾಭಾಂಶ ತೆಳುವಾಗಿದೆ.

ಪೈಪು ತಯಾರಿಕೆಯ ವೆಚ್ಚದಲ್ಲಿ ಬಹುಪಾಲು ಕಚ್ಚಾಮಾಲಿನದು. ರೆಸಿನ್ ದರವು ಕಚ್ಚಾತೈಲ ಮತ್ತು ಆಮದಿನ ಏರಿಳಿತಕ್ಕೆ ತಕ್ಕಂತೆ ಕುಣಿಯುತ್ತದೆ. ಅದರ ಮೇಲೆ ಸಣ್ಣ ಉದ್ಯಮಿಗೆ ಹಿಡಿತವಿಲ್ಲ. ಕೊಂಡು ತಂದ ಒಂದು ಟನ್ ರೆಸಿನ್‌ನಿಂದ ನಿಯಮಕ್ಕೆ ತಕ್ಕ ಎಷ್ಟು ಮೀಟರ್ ಪೈಪು ಹೊರಬರುತ್ತದೆ ಎಂಬುದು ಮಾತ್ರ ಅವನ ಕೈಯಲ್ಲಿದೆ. ಇದನ್ನು ನಿರ್ಧರಿಸುವ ಅಂಶಗಳಲ್ಲಿ ಡೈ ಒತ್ತಡ ಮುಖ್ಯವಾದುದು. ಆದರೂ ಅನೇಕ ಘಟಕಗಳಲ್ಲಿ ಯಂತ್ರದ ಪ್ಯಾನಲ್ ಮೇಲಿನ ಒತ್ತಡದ ಮೀಟರ್ ಕೆಟ್ಟುಹೋದರೂ ದುರಸ್ತಿ ಕಾಣುವುದಿಲ್ಲ. ಕೆಲಸ ಮಾಡುತ್ತಿದ್ದರೂ ಅದನ್ನು ಬರೆದಿಡುವವರಿಲ್ಲ.

ಎರಡು ಬಗೆಯ ‘ಕೆ.ಜಿ.’

ಮೊದಲು ಒಂದು ಗೊಂದಲವನ್ನು ನಿವಾರಿಸಿಕೊಳ್ಳುವುದು ಒಳಿತು. ರೈತನು ಅಂಗಡಿಗೆ ಬಂದು ‘ನಾಲ್ಕು ಕೆ.ಜಿ. ಪೈಪು’, ‘ಆರು ಕೆ.ಜಿ. ಪೈಪು’ ಎಂದು ಕೇಳುವಾಗ ಅವನು ಹೇಳುವುದು ಪೈಪು ತನ್ನೊಳಗಿನ ನೀರಿನ ಎಷ್ಟು ಒತ್ತಡವನ್ನು ತಾಳಬಲ್ಲದು ಎಂಬುದನ್ನು. ಚದರ ಸೆಂಟಿಮೀಟರಿಗೆ ಇಷ್ಟು ಕಿಲೋಗ್ರಾಂ ಬಲ ಎಂಬುದು ಅದರ ಅರ್ಥ. ಕಾರ್ಖಾನೆಯ ಪ್ಯಾನಲ್ ಮೇಲೆ ಕಾಣುವ 150, 200 ಅಥವಾ 300ರ ಸಂಖ್ಯೆ ಬೇರೆಯದೇ ಒತ್ತಡ. ಕರಗಿದ ಪ್ಲಾಸ್ಟಿಕ್ಕಿನ ಪಾಕವು ಡೈಯೊಳಗೆ ನುಗ್ಗುವ ಮುನ್ನ ಉಂಟಾಗುವ ಒತ್ತಡವದು. ಅಳತೆಯ ಮಾನ ಹೆಚ್ಚುಕಡಿಮೆ ಒಂದೇ: ಒಂದು ಮೆಗಾಪಾಸ್ಕಲ್ ಎಂದರೆ 10 ಬಾರ್, ಅಂದರೆ ಸುಮಾರು 10.2 ಕೆ.ಜಿ. ಆದರೆ ಒಂದಕ್ಕೂ ಇನ್ನೊಂದಕ್ಕೂ ನೇರ ಗುಣಾಕಾರವಿಲ್ಲ. ಹೆಚ್ಚಿನ ಡೈ ಒತ್ತಡದಲ್ಲಿ ತಯಾರಾದ ಪೈಪು ಹೆಚ್ಚಿನ ನೀರಿನ ಒತ್ತಡವನ್ನು ತಾಳುತ್ತದೆ ಎಂಬ ಮಾತು ಕೆಲವೆಡೆ ಮಾರಾಟದ ಭರದಲ್ಲಿ ಕೇಳಿಬರುವುದುಂಟು. ಅದಕ್ಕೆ ಆಧಾರವಿಲ್ಲ.

ಒತ್ತಡ ಹುಟ್ಟುವ ಬಗೆ

ಚಕ್ಕುಲಿ ಒರಳನ್ನು ಬಳಸಿದವರಿಗೆ ಎಕ್ಸ್‌ಟ್ರೂಡರ್ ಯಂತ್ರದ ತತ್ತ್ವ ಹೊಸದಲ್ಲ. ಹಿಟ್ಟು ಗಟ್ಟಿಯಾದರೆ ಕೈಗೆ ಭಾರ ಹೆಚ್ಚು, ಬಿಲ್ಲೆಯ ತೂತು ಕಿರಿದಾದರೆ ಇನ್ನೂ ಹೆಚ್ಚು. ಯಂತ್ರದಲ್ಲಿ ಕೈಯ ಬದಲಿಗೆ ತಿರುಗುವ ಸ್ಕ್ರೂ ಇದೆ. ಹಾಪರ್‌ನಿಂದ ಇಳಿದ ಕಾಳು ಅಥವಾ ಪುಡಿಯನ್ನು ಅದು ಬಿಸಿಯಾದ ಬ್ಯಾರೆಲ್‌ನೊಳಗೆ ಮುಂದೂಡುತ್ತ ಕರಗಿಸಿ, ಬೆರೆಸಿ, ಡೈಯ ಕಡೆಗೆ ಒತ್ತುತ್ತದೆ. ಡೈಯಲ್ಲಿ ಹೊರಗಿನ ಬಳೆ ಮತ್ತು ಒಳಗಿನ ಮ್ಯಾಂಡ್ರಿಲ್ ನಡುವಣ ಕಿರಿದಾದ ಸಂದಿಯ ಮೂಲಕ ಪಾಕವು ಹೊರಬರಬೇಕು. ಆ ಸಂದಿ ಒಡ್ಡುವ ತಡೆಯೇ ಒತ್ತಡದ ಮೂಲ. ಅಂದರೆ ಒತ್ತಡವನ್ನು ಸ್ಕ್ರೂ ಒಂದೇ ಸೃಷ್ಟಿಸುವುದಿಲ್ಲ, ಡೈ ಒಂದೇ ನಿರ್ಧರಿಸುವುದೂ ಇಲ್ಲ. ಸ್ಕ್ರೂವಿನ ವೇಗ, ಪಾಕದ ಸ್ನಿಗ್ಧತೆ, ಜಾಲರಿಯ ಸ್ಥಿತಿ ಮತ್ತು ಡೈಯ ಸಂದಿ ಈ ನಾಲ್ಕೂ ಒಂದೆಡೆ ಸೇರಿ ಒಪ್ಪಂದಕ್ಕೆ ಬಂದ ಸಂಖ್ಯೆಯೇ ಮೀಟರಿನಲ್ಲಿ ಕಾಣುವುದು. ನಾಲ್ಕರಲ್ಲಿ ಒಂದು ಬದಲಾದರೂ ಸಂಖ್ಯೆ ಬದಲಾಗುತ್ತದೆ. ಆದ್ದರಿಂದ ಅದನ್ನು ಯಂತ್ರದ ನಾಡಿ ಎನ್ನಬಹುದು.

ಕಾಲುವೆಯ ತೂಬು ಮತ್ತು ಡೈಯ ಸಂದಿ

ನೀರು ಮತ್ತು ಪ್ಲಾಸ್ಟಿಕ್ ಪಾಕದ ನಡುವಿನ ವ್ಯತ್ಯಾಸವನ್ನು ಅರಿತರೆ ಈ ವಿಷಯದ ತಿರುಳು ಸಿಕ್ಕಂತೆಯೇ. ಕಾಲುವೆಯ ತೂಬಿನಿಂದ ಹೊರಬರುವ ನೀರಿನ ಪ್ರಮಾಣ ಅದರ ಮೇಲಿರುವ ನೀರಿನ ಎತ್ತರದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಎರಡು ಪಟ್ಟು ನೀರು ಬರಬೇಕಾದರೆ ನಾಲ್ಕು ಪಟ್ಟು ಎತ್ತರ ಬೇಕು. ಕಾಲುವೆಯಲ್ಲಿ ನೀರಿನ ಮಟ್ಟ ಶೇ. 1ರಷ್ಟು ಏರಿಳಿದರೆ ತೂಬಿನ ಹರಿವು ಶೇ. ಅರ್ಧದಷ್ಟು ಮಾತ್ರ ವ್ಯತ್ಯಾಸವಾಗುತ್ತದೆ. ನೀರು ಏರಿಳಿತವನ್ನು ತಗ್ಗಿಸಿ ತೋರುತ್ತದೆ.

ಪ್ಲಾಸ್ಟಿಕ್ ಪಾಕದ ಸ್ವಭಾವ ಇದಕ್ಕೆ ವಿರುದ್ಧ. ಅದನ್ನು ಹೆಚ್ಚು ವೇಗವಾಗಿ ತಳ್ಳಿದಷ್ಟೂ ಅದು ತೆಳುವಾಗುತ್ತದೆ. ಪೈಪು ದರ್ಜೆಯ ಪಾಲಿಎಥಿಲೀನ್ ಪಾಕದ ಹರಿವು ಒತ್ತಡದ ಎರಡನೆಯ ಘಾತದಿಂದ ಮೂರನೆಯ ಘಾತದವರೆಗಿನ ವೇಗದಲ್ಲಿ ಏರುತ್ತದೆ ಎಂದು ಸ್ಥೂಲವಾಗಿ ಹೇಳಬಹುದು. ಮೂರನೆಯ ಘಾತವೆಂದು ಹಿಡಿದರೆ, ಪಾಕದ ಉಷ್ಣತೆ ಒಂದೇ ಆಗಿರುವಾಗ ಡೈ ಒತ್ತಡದಲ್ಲಿ ಶೇ. 1ರ ಏರಿಳಿತವು ಹರಿವಿನಲ್ಲಿ ಶೇ. 3ರ ಏರಿಳಿತವಾಗುತ್ತದೆ. ಹಾಲ್-ಆಫ್ ಯಂತ್ರವು ಪೈಪನ್ನು ಒಂದೇ ವೇಗದಲ್ಲಿ ಎಳೆಯುತ್ತಿರುವುದರಿಂದ, ಹರಿವಿನ ಈ ಹೆಚ್ಚುಕಡಿಮೆಗೆ ಗೋಡೆಯ ದಪ್ಪದ ಹೊರತು ಬೇರೆ ದಾರಿಯಿಲ್ಲ. ಮೀಟರಿನಲ್ಲಿ 200 ಎಂಬುದು 196ಕ್ಕೂ 204ಕ್ಕೂ ನಡುವೆ ತೂಗಾಡುತ್ತಿದ್ದರೆ ‘ನಾಲ್ಕು ಪಾಯಿಂಟ್ ತಾನೇ’ ಎಂದು ಆಪರೇಟರ್ ಸುಮ್ಮನಾಗುವುದು ಸಹಜ. ಆ ನಾಲ್ಕು ಪಾಯಿಂಟ್ ಎಂದರೆ ಶೇ. 2, ಗೋಡೆಯ ಲೆಕ್ಕದಲ್ಲಿ ಶೇ. 6.

ಇದನ್ನು ಹಣದ ಭಾಷೆಗೆ ತರಬಹುದು. ಹೊರವ್ಯಾಸ 90 ಮಿ.ಮೀ. ಇರುವ ಎಚ್‌ಡಿಪಿಇ ಪೈಪಿಗೆ ಕನಿಷ್ಠ ಗೋಡೆ 5.4 ಮಿ.ಮೀ. ಇರಲೇಬೇಕು ಎಂದಿಟ್ಟುಕೊಳ್ಳೋಣ. ಶೇ. 6ರ ಏರಿಳಿತವಿದ್ದರೆ ಅತಿ ತೆಳುವಾದ ಜಾಗದಲ್ಲೂ 5.4 ಉಳಿಯುವಂತೆ ಮಾಡಲು ಸರಾಸರಿ ಗೋಡೆಯನ್ನು 5.75 ಮಿ.ಮೀ.ಗೆ ಇಡಬೇಕಾಗುತ್ತದೆ. ಒತ್ತಡದ ಏರಿಳಿತವನ್ನು ಶೇ. ಅರ್ಧಕ್ಕೆ ಇಳಿಸಿದರೆ ಗೋಡೆಯ ಏರಿಳಿತ ಶೇ. 1.5ಕ್ಕೆ ಇಳಿದು, 5.48 ಮಿ.ಮೀ. ಸರಾಸರಿಯೇ ಸಾಕಾಗುತ್ತದೆ. ಸಾಂದ್ರತೆಯನ್ನು 0.95 ಎಂದು ಹಿಡಿದರೆ ಮೊದಲನೆಯ ಪೈಪು ಮೀಟರಿಗೆ ಸುಮಾರು 1,446 ಗ್ರಾಂ, ಎರಡನೆಯದು ಸುಮಾರು 1,382 ಗ್ರಾಂ ತೂಗುತ್ತದೆ. ವ್ಯತ್ಯಾಸ 64 ಗ್ರಾಂ. ದಿನಕ್ಕೆ 1,000 ಮೀಟರ್ ತಯಾರಿಸುವ ಘಟಕದಲ್ಲಿ ಇದು 64 ಕೆ.ಜಿ.; ತಿಂಗಳಿಗೆ 25 ದಿನದ ಕೆಲಸವೆಂದರೆ ಒಂದೂವರೆ ಟನ್‌ಗೂ ಮಿಗಿಲು. ಉದ್ಯಮಿಯು ತಾನು ಕೊಳ್ಳುವ ರೆಸಿನ್ ದರದಿಂದ ಇದನ್ನು ಗುಣಿಸಿ ನೋಡಬಹುದು. ಈ ಒಂದೂವರೆ ಟನ್ ಕಳ್ಳತನವಾಗಿಲ್ಲ, ಕಸವಾಗಿಲ್ಲ. ಪ್ರತಿ ಪೈಪಿನೊಡನೆ ಗಿರಾಕಿಗೆ ಉಚಿತವಾಗಿ ಹೋಗಿದೆ. ಲೆಕ್ಕಪುಸ್ತಕದ ಯಾವ ಕಲಮಿನಲ್ಲೂ ಇದು ಕಾಣಿಸದಿರುವುದರಿಂದಲೇ ವರ್ಷಗಟ್ಟಲೆ ನಡೆದುಕೊಂಡು ಹೋಗುತ್ತದೆ.

ಸರಾಸರಿ ಗೋಡೆಯನ್ನು ದಪ್ಪ ಮಾಡದೆ ಏರಿಳಿತವನ್ನೂ ಹಾಗೆಯೇ ಬಿಟ್ಟರೆ ಆಗುವುದು ಇನ್ನೂ ಕೆಟ್ಟದ್ದು. ತೆಳುವಾದ ಕಡೆ ಪೈಪು ಹೊಲದಲ್ಲಿ ಒಡೆಯುತ್ತದೆ. ನಷ್ಟದ ಮೊದಲ ಮಾತು ಕೇಳಬೇಕಾದವನು ಮಾರಿದ ವರ್ತಕ.

ಒಂದೇ ಮೀಟರ್, ಎರಡು ಅರ್ಥ

ಎಚ್‌ಡಿಪಿಇ ಪೈಪು ಸಾಮಾನ್ಯವಾಗಿ ಒಂಟಿ ಸ್ಕ್ರೂ ಯಂತ್ರದಲ್ಲಿಯೂ, ಪಿವಿಸಿ ಪೈಪು ಜೋಡಿ ಸ್ಕ್ರೂ ಯಂತ್ರದಲ್ಲಿಯೂ ತಯಾರಾಗುತ್ತವೆ. ಒಂಟಿ ಸ್ಕ್ರೂ ಯಂತ್ರದಲ್ಲಿ ಮುಂದಿನ ತಡೆ ಹೆಚ್ಚಿದರೆ ಪಾಕ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ, ಉತ್ಪಾದನೆ ಕುಗ್ಗುತ್ತದೆ. ಒಂದಕ್ಕೊಂದು ಹೆಣೆದು ವಿರುದ್ಧ ದಿಕ್ಕಿನಲ್ಲಿ ತಿರುಗುವ ಜೋಡಿ ಸ್ಕ್ರೂಗಳಲ್ಲಿ ಹೀಗೆ ಹಿಂದೆ ಸರಿಯಲು ಹೆಚ್ಚು ಆಸ್ಪದವಿಲ್ಲ. ಹಾಪರ್‌ನ ಡೋಸಿಂಗ್ ಸ್ಕ್ರೂ ಎಷ್ಟು ಪುಡಿ ಉಣಿಸುತ್ತದೋ ಅಷ್ಟು ಪಾಕ ಡೈಯಿಂದ ಹೊರಬರಲೇಬೇಕು. ಆದ್ದರಿಂದ ಪಿವಿಸಿ ಯಂತ್ರದಲ್ಲಿ ಉಣಿಕೆ ಬದಲಾಗದೆಯೇ ಒತ್ತಡ ನಿಧಾನವಾಗಿ ಏರಿದರೆ ಅಥವಾ ಇಳಿದರೆ, ಪಾಕದ ಸ್ನಿಗ್ಧತೆ ಬದಲಾಗಿದೆ ಎಂದು ತಿಳಿಯಬೇಕು. ಕಾಂಪೌಂಡ್‌ನ ಮಿಶ್ರಣ ಬದಲಾಗಿರಬಹುದು, ಹೀಟರ್ ಸುಟ್ಟಿರಬಹುದು, ಸುಣ್ಣದ ಪುಡಿಯ ಪ್ರಮಾಣ ಏರಿರಬಹುದು.

ಪಿವಿಸಿಗೆ ಇನ್ನೊಂದು ವಿಶೇಷವಿದೆ. ಅದರ ಕಣಗಳು ಪೂರ್ತಿ ಬೆಸೆದುಕೊಳ್ಳಲು ಉಷ್ಣದ ಜೊತೆಗೆ ಒತ್ತಡವೂ ಬೇಕು. ಡೈಯೊಳಗೆ ಮ್ಯಾಂಡ್ರಿಲ್ ಅನ್ನು ಹಿಡಿದಿರುವ ಸ್ಪೈಡರ್ ಕಾಲುಗಳನ್ನು ದಾಟಿದ ಪಾಕ ಮತ್ತೆ ಒಂದಾಗಬೇಕು. ಒತ್ತಡ ಸಾಲದಿದ್ದರೆ ಆ ಬೆಸುಗೆಯ ಗೆರೆಗಳು ದುರ್ಬಲವಾಗಿ ಉಳಿದು, ಪೈಪು ಉದ್ದಕ್ಕೆ ಸೀಳುತ್ತದೆ. ಮೋಟಾರಿನ ಆಂಪಿಯರ್ ಇಳಿಯಲೆಂದು ಉಷ್ಣತೆಯನ್ನು ಏರಿಸುತ್ತ, ಒತ್ತಡವನ್ನು ಬಿಡುತ್ತ ಹೋಗುವ ಆಪರೇಟರ್ ವಿದ್ಯುತ್ ಬಿಲ್ಲನ್ನು ಉಳಿಸಿ ಪೈಪನ್ನು ಕಳೆಯುತ್ತಾನೆ. ಮೇಲ್ಮಿತಿಯೂ ಉಂಟು. ಅತಿ ಒತ್ತಡದಲ್ಲಿ ಘರ್ಷಣೆಯ ಬಿಸಿಯಿಂದ ಪಿವಿಸಿ ಕಂದುಬಣ್ಣಕ್ಕೆ ತಿರುಗುತ್ತದೆ, ಗೇರ್‌ಬಾಕ್ಸಿನ ಥ್ರಸ್ಟ್ ಬೇರಿಂಗ್ ಸವೆಯುತ್ತದೆ.

ಸೀಸದ ಸಂಯುಕ್ತಗಳನ್ನು ಸ್ಟೆಬಿಲೈಸರ್ ಆಗಿ ಬಳಸುವುದನ್ನು ಪಿವಿಸಿ ಪೈಪುಗಳಲ್ಲಿ ನಿಲ್ಲಿಸಲು ಕೇಂದ್ರ ಸರ್ಕಾರವು 2021ರಲ್ಲಿ ನಿಯಮಗಳನ್ನು ಹೊರಡಿಸಿತು. ಕ್ಯಾಲ್ಸಿಯಂ-ಜಿಂಕ್ ಮುಂತಾದ ಬದಲಿ ಸ್ಟೆಬಿಲೈಸರ್‌ಗಳೊಡನೆ ಪುಡಿ ಬೆಸೆಯುವ ಬಗೆಯೂ, ಅದಕ್ಕೆ ಬೇಕಾದ ಜಾರುದ್ರವ್ಯದ ಪ್ರಮಾಣವೂ ಬದಲಾಗುತ್ತವೆ. ಸೀಸದ ಕಾಲದಲ್ಲಿ ಗೋಡೆಯ ಮೇಲೆ ಬರೆದಿಟ್ಟ ಉಷ್ಣತೆ-ವೇಗದ ಪಟ್ಟಿಯನ್ನೇ ಹೊಸ ಕಾಂಪೌಂಡ್‌ಗೂ ಅನ್ವಯಿಸುವುದು ಸರಿಯಲ್ಲ. ಹೊಸ ಮಿಶ್ರಣಕ್ಕೆ ಹೊಸದಾಗಿ ಒತ್ತಡದ ಗುರುತು ಕಂಡುಕೊಳ್ಳಬೇಕು. ಪರೀಕ್ಷೆಗೆ ಸಲಹೆ ಬೇಕಾದವರು ಮೈಸೂರಿನಲ್ಲಿರುವ ಸಿಪೆಟ್ ಕೇಂದ್ರವನ್ನು ಸಂಪರ್ಕಿಸಬಹುದು.

ಏರಿಳಿತದ ಅವಧಿಯನ್ನು ಅಳೆಯುವುದು

ಒತ್ತಡ ತೂಗಾಡುತ್ತಿದೆ ಎಂದು ಕಂಡಕೂಡಲೇ ಉಷ್ಣತೆಯ ಗುಂಡಿಗಳಿಗೆ ಕೈಹಾಕುವುದು ಸಾಮಾನ್ಯ ಅಭ್ಯಾಸ. ಅದಕ್ಕೂ ಮೊದಲು ಒಂದು ಏರಿಕೆಯಿಂದ ಮುಂದಿನ ಏರಿಕೆಗೆ ಎಷ್ಟು ಸಮಯ ಹಿಡಿಯುತ್ತದೆ ಎಂಬುದನ್ನು ಅಳೆಯಬೇಕು. ಇದಕ್ಕೆ ದುಬಾರಿ ಸಲಕರಣೆ ಬೇಡ. ಮೊಬೈಲ್ ಫೋನಿನಲ್ಲಿ ಮೀಟರನ್ನು ಹತ್ತು ನಿಮಿಷ ಚಿತ್ರೀಕರಿಸಿ, ಐದೈದು ಸೆಕೆಂಡಿಗೆ ಒಂದರಂತೆ ಸಂಖ್ಯೆಗಳನ್ನು ಚೌಕುಳಿ ಹಾಳೆಯ ಮೇಲೆ ಗುರುತಿಸಿದರೆ ಅಲೆಯ ಆಕಾರ ಕಾಣುತ್ತದೆ.

ಅಲೆಯ ಅವಧಿ ಸ್ಕ್ರೂವಿನ ಒಂದು ಸುತ್ತಿಗೆ ಸರಿಹೊಂದಿದರೆ ದೋಷ ಉಣಿಕೆಯ ಬಾಯಿಯಲ್ಲಿರುವ ಸಂಭವ ಹೆಚ್ಚು. ಅದಕ್ಕಿಂತ ದೀರ್ಘವಾಗಿ, ಅರ್ಧ ನಿಮಿಷದಿಂದ ಒಂದೆರಡು ನಿಮಿಷದವರೆಗಿನ ಅಂಕೆಯಿಲ್ಲದ ಅಲೆಯಾದರೆ ಕಾಳು ಪೂರ್ತಿ ಕರಗದೆ ತುಂಡುತುಂಡಾಗಿ ಮುಂದೆ ಹೋಗುತ್ತಿದೆ ಎಂದರ್ಥ. ಸ್ಕ್ರೂ ವೇಗವನ್ನು ಸ್ವಲ್ಪ ಇಳಿಸಿದೊಡನೆ ಅದು ಶಾಂತವಾದರೆ ಈ ಅನುಮಾನ ನಿಜವಾಗುತ್ತದೆ. ಹಲವು ನಿಮಿಷಗಳ, ಒಂದೇ ಲಯದ ಅಲೆಯು ಹೀಟರ್ ಹತ್ತಿ ಆರುವುದರೊಡನೆ ಹೊಂದಿಕೊಂಡಿದ್ದರೆ ಉಷ್ಣತಾ ನಿಯಂತ್ರಕದ ದೋಷ. ಹಳೆಯ ಆನ್-ಆಫ್ ನಿಯಂತ್ರಕದ ಬದಲಿಗೆ ಪಿಐಡಿ ನಿಯಂತ್ರಕ ಅಳವಡಿಸಿದರೆ ಇದು ಬಹುಮಟ್ಟಿಗೆ ಸರಿಹೋಗುತ್ತದೆ. ಅದಕ್ಕೂ ಮೊದಲು ಥರ್ಮೋಕಪಲ್ ತನ್ನ ಗುಳಿಯ ತಳವನ್ನು ಮುಟ್ಟಿ ಕುಳಿತಿದೆಯೇ ಎಂದು ನೋಡಬೇಕು. ಎಷ್ಟೋ ಬಾರಿ ಅಷ್ಟೇ ಸಾಕಾಗುತ್ತದೆ. ಗಂಟೆಗಟ್ಟಲೆಯ ನಿಧಾನದ ಏರಿಕೆಗೆ ಜಾಲರಿ ಕಟ್ಟುವುದು, ಹಗಲು-ರಾತ್ರಿಯ ಉಷ್ಣತೆ, ವೋಲ್ಟೇಜ್, ಹೊಸ ಚೀಲದ ಮಾಲು ಇವುಗಳಲ್ಲಿ ಕಾರಣ ಹುಡುಕಬೇಕು.

ಬಳ್ಳಾರಿಯ ಬಿಸಿಲು, ನೀರು ಮತ್ತು ಧೂಳು

ಯಂತ್ರ ತಯಾರಕರ ಕೈಪಿಡಿಗಳನ್ನು ತಂಪು ಹವೆಯ ಕಾರ್ಖಾನೆಗಳನ್ನು ಮನಸ್ಸಿನಲ್ಲಿಟ್ಟು ಬರೆದಂತಿರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಯ ತಗಡಿನ ಷೆಡ್ಡಿನಲ್ಲಿ ಕೆಲವು ವಿಷಯಗಳನ್ನು ಬೇರೆಯಾಗಿಯೇ ನೋಡಬೇಕು.

ಹಾಪರ್ ಕೆಳಗಿನ ಉಣಿಕೆಯ ಬಾಯಿ ತಂಪಾಗಿರಬೇಕು. ಅಲ್ಲಿ ಕಾಳು ಮೆತ್ತಗಾದರೆ ಒಂದಕ್ಕೊಂದು ಅಂಟಿ ಕಮಾನಿನಂತೆ ನಿಲ್ಲುತ್ತದೆ. ಸ್ಕ್ರೂ ಅರೆಹೊಟ್ಟೆಯಲ್ಲಿ ತಿರುಗಿ, ಕಮಾನು ಕುಸಿದೊಡನೆ ಒಮ್ಮೆಲೇ ತುಂಬಿಕೊಳ್ಳುತ್ತದೆ. ಒತ್ತಡದ ಮೀಟರ್ ಬಿದ್ದು ಎದ್ದಂತಾಗುವುದು ಆಗಲೇ. ಬಿಸಿಲಿಗೆ ತೆರೆದ ಮಾಳಿಗೆಯ ತೊಟ್ಟಿಯಿಂದ ಬರುವ ನೀರು ಮಧ್ಯಾಹ್ನ ಮೂರರ ವೇಳೆಗೆ ತಂಪುಗೊಳಿಸುವ ಸ್ಥಿತಿಯಲ್ಲಿರುವುದಿಲ್ಲ. ಬೆಳಗಿನ ಪಾಳಿಯಲ್ಲಿ ಚೆನ್ನಾಗಿದ್ದ ಪೈಪು ಮಧ್ಯಾಹ್ನದ ಪಾಳಿಯಲ್ಲಿ ಕೆಡುತ್ತಿದ್ದರೆ ಆಪರೇಟರನ್ನು ದೂರುವ ಮೊದಲು ಈ ನೀರನ್ನು ಮುಟ್ಟಿ ನೋಡುವುದು ಲೇಸು. ತೊಟ್ಟಿಗೆ ನೆರಳು ಮಾಡುವುದು, ಚಿಕ್ಕ ಕೂಲಿಂಗ್ ಟವರ್ ಕಟ್ಟಿಸುವುದು ಹೆಚ್ಚು ವೆಚ್ಚದ ಕೆಲಸಗಳಲ್ಲ.

ಕೊಳವೆಬಾವಿಯ ಗಡಸು ನೀರು ಇನ್ನೊಂದು ತೊಂದರೆ. ನೀರಿನ ದಾರಿಗಳಲ್ಲಿ ಸುಣ್ಣದ ಪದರ ಕಟ್ಟಿ, ನೀರು ಹರಿಯುತ್ತಿದ್ದರೂ ಬಿಸಿಯನ್ನು ಹೊತ್ತೊಯ್ಯುವುದಿಲ್ಲ. ಒಳಹೋಗುವ ಮತ್ತು ಹೊರಬರುವ ನೀರಿನ ಉಷ್ಣತೆಯಲ್ಲಿ ವ್ಯತ್ಯಾಸ ದಿನೇದಿನೇ ಕಡಿಮೆಯಾಗುತ್ತ ಬಂದರೆ ಪದರ ಕಟ್ಟಿದೆ ಎಂಬ ಸೂಚನೆ. ಮೃದು ನೀರನ್ನೇ ಮುಚ್ಚಿದ ವ್ಯವಸ್ಥೆಯಲ್ಲಿ ಮತ್ತೆ ಮತ್ತೆ ಸುತ್ತಿಸುವುದು ಉತ್ತಮ.

ಧೂಳಿನ ವಿಷಯವನ್ನು ಈ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ. ಬಾಯಿ ತೆರೆದ ಚೀಲ, ಮುಚ್ಚಳವಿಲ್ಲದ ಹಾಪರ್, ಅಂಗಳದಲ್ಲಿ ರಾಶಿ ಹಾಕಿದ ಸ್ಕ್ರ್ಯಾಪ್ ಇವುಗಳ ಮೇಲೆ ಕೂರುವ ಕೆಂಪು ಮಣ್ಣು ಮತ್ತು ಅದಿರಿನ ಧೂಳು ಕರಗುವ ವಸ್ತುಗಳಲ್ಲ. ಎಚ್‌ಡಿಪಿಇ ಯಂತ್ರದಲ್ಲಿ ಅವು ಜಾಲರಿಯಲ್ಲಿ ಸಿಲುಕಿ ಅದನ್ನು ಕಟ್ಟಿಸುತ್ತವೆ. ಜಾಲರಿ ಹರಿದಿದ್ದರೆ ಪೈಪಿನ ಗೋಡೆಯೊಳಗೆ ಸೇರಿ ಮುಂದೆ ಬಿರುಕಿಗೆ ಬೀಜವಾಗುತ್ತವೆ. ಗಡಸು ಪಿವಿಸಿಗೆ ಸಣ್ಣ ಕಣ್ಣಿನ ಜಾಲರಿಯನ್ನು ಸಾಮಾನ್ಯವಾಗಿ ಹಾಕುವುದಿಲ್ಲ. ಪಾಕ ನಿಂತಲ್ಲಿ ಸುಡುತ್ತದೆಯಾದ್ದರಿಂದ ಅಲ್ಲಿ ಧೂಳನ್ನು ತಡೆಯಲು ಸ್ವಚ್ಛತೆಯೊಂದೇ ಉಪಾಯ.

ಜಾಲರಿಯನ್ನು ‘ಪಾಳಿಗೊಮ್ಮೆ’ ಎಂದು ಗಡಿಯಾರ ನೋಡಿ ಬದಲಿಸುವ ಪದ್ಧತಿ ಸರಿಯಲ್ಲ. ಮಾಲು ಚೊಕ್ಕಟವಿದ್ದರೆ ಅದು ವ್ಯರ್ಥ ಖರ್ಚು, ಕೊಳಕಿದ್ದರೆ ತಡವಾದ ಕ್ರಮ. ಹೊಸ ಜಾಲರಿ ಹಾಕಿದಾಗಿನ ಒತ್ತಡವನ್ನು ಬರೆದಿಟ್ಟು, ಅದು ನಿಗದಿತ ಮಿತಿಗೆ ಏರಿದೊಡನೆ ಬದಲಿಸಬೇಕು. ಇಲ್ಲಿ ಮೀಟರಿನ ಸೆನ್ಸರ್ ಎಲ್ಲಿದೆ ಎಂಬುದು ಮುಖ್ಯ. ಜಾಲರಿಯ ಹಿಂದೆ ಇದ್ದರೆ ಜಾಲರಿ ಕಟ್ಟಿದಂತೆ ಸಂಖ್ಯೆ ಏರುತ್ತದೆ. ಜಾಲರಿಯ ಮುಂದೆ, ಡೈಯ ಕಡೆ ಇದ್ದರೆ ಹರಿವು ಕುಗ್ಗಿ ಸಂಖ್ಯೆ ಇಳಿಯುತ್ತದೆ. ಇದನ್ನು ತಿಳಿಯದ ಆಪರೇಟರ್ ತದ್ವಿರುದ್ಧ ಕ್ರಮ ಕೈಗೊಳ್ಳುವ ಅಪಾಯವಿದೆ. ಎರಡು ಕಡೆಯೂ ಒಂದೊಂದು ಸೆನ್ಸರ್ ಇರುವುದು ಆದರ್ಶ.

ಮರುಬಳಕೆ ಮಾಲಿನ ಬಗ್ಗೆ ಒಂದು ಮಾತು. ಸ್ವಂತ ಕಾರ್ಖಾನೆಯ ಸ್ವಚ್ಛ ತುಂಡುಗಳನ್ನು ಪುಡಿಮಾಡಿ ನಿಯಮ ಒಪ್ಪುವ ಮಿತಿಯಲ್ಲಿ ಸೇರಿಸುವುದು ಬೇರೆ, ಹೊರಗಿನ ಗುಜರಿ ಕಾಳನ್ನು ಬೆರೆಸುವುದು ಬೇರೆ. ಗುಜರಿ ಕಾಳಿನ ಸ್ನಿಗ್ಧತೆ ಚೀಲದಿಂದ ಚೀಲಕ್ಕೆ ಬದಲಾಗುತ್ತದೆ, ಅದರೊಡನೆ ಒತ್ತಡವೂ ಬದಲಾಗುತ್ತದೆ. ಸ್ವಂತ ತುಂಡುಗಳನ್ನೂ ಒಂದು ದಿನ ಶೂನ್ಯ, ಮರುದಿನ ರಾಶಿ ಎಂಬಂತೆ ಹಾಕದೆ, ಪ್ರತಿ ಚೀಲಕ್ಕೂ ತೂಕಮಾಡಿದ ಒಂದೇ ಪ್ರಮಾಣದಲ್ಲಿ ಬೆರೆಸಬೇಕು. ಅಗ್ಗದ ಕಾಳಿನಿಂದ ಉಳಿದ ಹಣವು ದಪ್ಪ ಗೋಡೆಯಲ್ಲಿ ಹೊರಟುಹೋಗುತ್ತಿದೆಯೇ ಎಂದು ಮೇಲಿನ ಲೆಕ್ಕವನ್ನು ಮತ್ತೊಮ್ಮೆ ಹಾಕಿ ನೋಡಬಹುದು.

ಯಂತ್ರ ಚಾಲನೆಯ ವೇಳೆಯ ಅಪಾಯ

ಲಾಭನಷ್ಟವನ್ನು ಮೀರಿದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. 200 ಬಾರ್ ಎಂದರೆ ಚದರ ಸೆಂಟಿಮೀಟರಿಗೆ ಇನ್ನೂರು ಕೆ.ಜಿ.ಗೂ ಮಿಗಿಲಾದ ಭಾರ. ವಿದ್ಯುತ್ ಹೋಗಿ ಬಂದ ನಂತರ ತಣಿದ ಡೈಯನ್ನು ಅವಸರದಲ್ಲಿ ಚಾಲನೆ ಮಾಡಿದರೆ ಈ ಒತ್ತಡವು ಕ್ಷಣಮಾತ್ರದಲ್ಲಿ ಮಿತಿಮೀರುತ್ತದೆ. ಬೋಲ್ಟುಗಳು ತುಂಡಾಗಿ ಡೈ ಸಿಡಿಯಬಹುದು. ಪ್ಯಾನಲ್ ಮೇಲಿನ ಉಷ್ಣತೆ ನಿಗದಿತ ಮಟ್ಟ ಮುಟ್ಟಿದ ಮಾತ್ರಕ್ಕೆ ದಪ್ಪ ಉಕ್ಕಿನ ಒಳಗಿರುವ ಪ್ಲಾಸ್ಟಿಕ್ ಕರಗಿದೆ ಎಂದಲ್ಲ. ಎಚ್‌ಡಿಪಿಇಯ ದೊಡ್ಡ ಡೈಗಳಿಗೆ ಎರಡು-ಮೂರು ಗಂಟೆಯ ಕಾಯುವಿಕೆ ಬೇಕಾಗುತ್ತದೆ. ನಂತರ ಅತಿ ಕಡಿಮೆ ವೇಗದಲ್ಲಿ, ಮೀಟರಿನ ಮೇಲೆ ಕಣ್ಣಿಟ್ಟು ಸ್ಕ್ರೂ ತಿರುಗಿಸಬೇಕು. ಆ ಹೊತ್ತಿನಲ್ಲಿ ಡೈಯ ನೇರ ಮುಂದೆ ಯಾರೂ ನಿಲ್ಲಬಾರದು.

ಪಿವಿಸಿಯಲ್ಲಿ ಕಾಯುವುದೇ ಅಪಾಯ. ಬಿಸಿ ಡೈಯಲ್ಲಿ ನಿಂತ ಪಿವಿಸಿ ಕೆಟ್ಟು ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತದೆ. ಅದು ಉಸಿರಿಗೂ ಉಕ್ಕಿಗೂ ಹಾನಿಕರ. ಆದ್ದರಿಂದ ವಿದ್ಯುತ್ ಕೈಕೊಟ್ಟರೆ ಯಂತ್ರವನ್ನು ಖಾಲಿ ಮಾಡುವಷ್ಟಾದರೂ ಶಕ್ತಿಯುಳ್ಳ ಜನರೇಟರ್ ಇರಬೇಕು. ಇಲ್ಲವಾದಲ್ಲಿ ಡೈಯನ್ನು ಬಿಚ್ಚಿ ಶುಚಿಗೊಳಿಸಿಯೇ ಮತ್ತೆ ಆರಂಭಿಸಬೇಕು. ಒತ್ತಡ ಮಿತಿ ದಾಟಿದರೆ ಮೋಟಾರ್ ತಾನಾಗಿ ನಿಲ್ಲುವಂತೆ ರಿಲೇ ಜೋಡಿಸುವುದು ಮತ್ತು ಬ್ಯಾರೆಲ್‌ಗೆ ಒಡೆಯುವ ಸುರಕ್ಷಾ ಬಿಲ್ಲೆ ಅಳವಡಿಸುವುದು ಸಣ್ಣ ಖರ್ಚಿನ ಕೆಲಸಗಳು. ಇವನ್ನು ಮುಂದೂಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಸೆನ್ಸರ್ ಬಗ್ಗೆಯೂ ಇದೇ ಎಚ್ಚರ ಅಗತ್ಯ. ಅದರ ತುದಿಯಲ್ಲಿರುವ ತೆಳು ಪೊರೆ ತಣ್ಣನೆಯ ಪ್ಲಾಸ್ಟಿಕ್ಕಿಗೆ ಅಂಟಿರುವಾಗ ಬಿಚ್ಚಿದರೆ ಹರಿಯುತ್ತದೆ. ಬಿಸಿಯಿರುವಾಗ, ಒತ್ತಡವಿಲ್ಲದಾಗ ಮಾತ್ರ ಬಿಚ್ಚಿ, ಅದರ ಗುಳಿಯನ್ನು ಸ್ವಚ್ಛಗೊಳಿಸಿ ಮತ್ತೆ ಕೂರಿಸಬೇಕು. ಕೆಲವು ಮಾದರಿಗಳ ಒಳಗೆ ಪಾದರಸ ತುಂಬಿರುತ್ತದೆ. ಪೊರೆ ಹರಿದರೆ ಅದು ಹೊರಬರುತ್ತದೆ. ಕೊಳ್ಳುವಾಗಲೇ ಪಾದರಸವಿಲ್ಲದ ಮಾದರಿಯನ್ನು ಕೇಳುವುದು ಲೇಸು. ಯಂತ್ರ ಬಿಸಿಯಾಗಿ, ಸ್ಕ್ರೂ ನಿಂತಿರುವಾಗ ಮೀಟರ್ ಸೊನ್ನೆ ತೋರಿಸುತ್ತದೆಯೇ ಎಂದು ವಾರಕ್ಕೊಮ್ಮೆ ಪರೀಕ್ಷಿಸಬೇಕು.

ಎಲ್ಲಿ ಹಣ ಹೂಡಬೇಕು

ಒತ್ತಡವನ್ನು ತಾನೇ ಅಳೆದು ಸ್ಕ್ರೂ ವೇಗವನ್ನು ಸರಿಪಡಿಸುವ ಸ್ವಯಂಚಾಲಿತ ವ್ಯವಸ್ಥೆಗಳನ್ನು ಮಾರಾಟಗಾರರು ತೋರಿಸುತ್ತಾರೆ. ಜಾಲರಿ ಕಟ್ಟುವಂತಹ ನಿಧಾನದ ಬದಲಾವಣೆಗೆ ಅವು ಉಪಯುಕ್ತ. ಕೆಲವೇ ಸೆಕೆಂಡುಗಳ ಅಲೆಯನ್ನು ಅವು ಹಿಡಿಯಲಾರವು. ಹಿಡಿಯಲು ಹೋಗಿ ಅಲೆಯನ್ನು ದೊಡ್ಡದು ಮಾಡುವುದೂ ಉಂಟು. ಸ್ಕ್ರೂ ಮತ್ತು ಡೈಯ ನಡುವೆ ಗೇರ್ ಪಂಪ್ ಇರಿಸಿದರೆ ಎಚ್‌ಡಿಪಿಇಯಲ್ಲಿ ಒತ್ತಡ ಬಹಳ ಸ್ಥಿರವಾಗುತ್ತದೆ. ಆದರೆ ಅದು ಗಡಸು ಪಿವಿಸಿಗೆ ಹೊಂದುವುದಿಲ್ಲ, ಬೆಲೆಯೂ ಹೆಚ್ಚು. ಉಣಿಕೆಯನ್ನು ತೂಗಿ ಹಾಲ್-ಆಫ್ ವೇಗವನ್ನು ಅದಕ್ಕೆ ಹೊಂದಿಸುವ ತೂಕಾಧಾರಿತ ವ್ಯವಸ್ಥೆಯು ದೊಡ್ಡ ಪ್ರಮಾಣದ ತಯಾರಕರಿಗೆ ಬೇಗ ಫಲ ಕೊಡುತ್ತದೆ. ಸಣ್ಣ ಘಟಕವು ಮೊದಲು ನೀರು, ಥರ್ಮೋಕಪಲ್, ಪಿಐಡಿ, ಜಾಲರಿ ಮತ್ತು ಮಾಲಿನ ಸ್ವಚ್ಛತೆಯನ್ನು ಸರಿಪಡಿಸಿಕೊಂಡು, ಅದರ ನಂತರವೂ ಉಳಿದ ಏರಿಳಿತವನ್ನು ಅಳೆದು, ಆ ಉಳಿಕೆಯ ಬೆಲೆಗೆ ತಕ್ಕ ಯಂತ್ರವನ್ನು ಕೊಳ್ಳುವುದು ವಿವೇಕ. ಸ್ಕ್ರೂ ಮತ್ತು ಬ್ಯಾರೆಲ್ ಸವೆದುಹೋಗಿದ್ದರೆ ಮಾತ್ರ ಯಾವ ನಿಯಂತ್ರಕವೂ ಸಹಾಯಕ್ಕೆ ಬಾರದು.

ವರ್ತಕರು ಅಂಗಡಿಯಲ್ಲಿಯೇ ಮಾಡಬಹುದಾದ ಪರೀಕ್ಷೆ

ಪೈಪು ಮಾರುವವರಿಗೆ ಕಾರ್ಖಾನೆಯ ಮೀಟರ್ ಕಾಣುವುದಿಲ್ಲ, ಅದರ ಫಲ ಕಾಣುತ್ತದೆ. ಪೈಪಿನ ತುದಿಯಲ್ಲಿ ಸುತ್ತಲೂ ಎಂಟು ಕಡೆ ಗೋಡೆಯ ದಪ್ಪವನ್ನು ಅಳೆಯಬೇಕು. ಒಂದು ಮಗ್ಗುಲು ದಪ್ಪ, ಎದುರಿನ ಮಗ್ಗುಲು ತೆಳು ಇದ್ದು, ಪ್ರತಿ ಪೈಪಿನಲ್ಲೂ ಅದೇ ಕಂಡರೆ ಡೈಯ ಕೇಂದ್ರ ಸರಿದಿದೆ. ಅದು ಬೋಲ್ಟು ತಿರುಗಿಸಿ ಸರಿಪಡಿಸುವ ದೋಷ, ಒತ್ತಡಕ್ಕೆ ಸಂಬಂಧಿಸಿದ್ದಲ್ಲ. ಸುತ್ತಲೂ ಸಮನಾಗಿದ್ದು, ಒಂದು ಪೈಪಿಗೂ ಇನ್ನೊಂದಕ್ಕೂ ಅಥವಾ ಒಂದೇ ಪೈಪಿನ ಎರಡು ತುದಿಗಳಿಗೂ ವ್ಯತ್ಯಾಸ ಕಂಡರೆ ಅದು ಹರಿವಿನ ಏರಿಳಿತ ಅಥವಾ ಹಾಲ್-ಆಫ್ ಜಾರುವಿಕೆ. ಒಂದೇ ಉದ್ದದ ಹತ್ತು ಪೈಪುಗಳನ್ನು ಒಂದೊಂದಾಗಿ ತೂಗಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಪೈಪಿನೊಳಗೆ ಬೆಳಕಿನೆಡೆಗೆ ನೋಡಿದಾಗ ಒಳಮೈಯಲ್ಲಿ ಅಡ್ಡ ಉಂಗುರಗಳಂತಹ ಅಲೆಗಳು ಕಂಡರೆ ಅವು ಅಲ್ಪಾವಧಿಯ ಏರಿಳಿತದ ಗುರುತುಗಳು.

ತೂಕ ಹೆಚ್ಚಿದ್ದರೆ ಪೈಪು ಗಟ್ಟಿ ಎಂಬ ನಂಬಿಕೆ ಗಿರಾಕಿಗಳಲ್ಲಿದೆ. ಸುಣ್ಣದ ಪುಡಿ ಹೆಚ್ಚು ತುಂಬಿದ ಪಿವಿಸಿಯೂ ಭಾರವಾಗಿಯೇ ಇರುತ್ತದೆ. ತೂಕವನ್ನು ದಪ್ಪದೊಡನೆ ಸೇರಿಸಿ ನೋಡಿದಾಗ ಮಾತ್ರ ಅದಕ್ಕೆ ಅರ್ಥ ಬರುತ್ತದೆ. ದೋಷ ಕಂಡ ಪೈಪನ್ನು ಹಿಂತಿರುಗಿಸುವಾಗ ಅದರ ಮೇಲೆ ಮುದ್ರಿತವಾದ ಬ್ಯಾಚ್ ಸಂಖ್ಯೆಯಿರುವ ತುಂಡನ್ನೇ ಕತ್ತರಿಸಿ ಕಳುಹಿಸಬೇಕು. ಆ ದಿನದ, ಆ ಪಾಳಿಯ ಒತ್ತಡದ ದಾಖಲೆಯನ್ನು ತಯಾರಕರಿಂದ ಕೇಳಿದರೆ ಕಾರಣ ಅಲ್ಲಿಯೇ ಸಿಗುತ್ತದೆ. ದಾಖಲೆಯೇ ಇಲ್ಲವೆಂಬ ಉತ್ತರ ಬಂದರೆ ಮುಂದಿನ ಖರೀದಿಗೆ ಮುನ್ನ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು.